ಹಮೀದಿಚ್ಚನ ಭುಜ ಮತ್ತು ಎಪ್ಪತ್ತು ಲೀಟರ್ ನೀರು

2023ರಲ್ಲಿ ನಾನು ಮೂಡುಬಿದಿರೆಯ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಓದು ಮುಗಿಸಿ ಸೇರಿದ ಮೊದಲ ಕೆಲಸ. ವೇಣೂರಿನಿಂದ ಬೆಳಗ್ಗಿನ ಬಸ್ಸಿನಲ್ಲಿ ಬರುತ್ತಿದ್ದೆ. ಪ್ರತಿ ರೋಗಿಯ ಕೀಲು ಎಷ್ಟು ಬಾಗುತ್ತದೆಂದು ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಅಳೆದು, ದಿನಾಂಕ ಹಾಕಿ ಬರೆದಿಡುವುದು ನನ್ನ ಅಭ್ಯಾಸ.

ತೋಡಾರಿನ ಹಮೀದಿಚ್ಚ, ಎಂದರೆ ಹಮೀದಣ್ಣ, ಗಲ್ಫಿನಿಂದ ಮರಳಿ ಬಂದು ಅಂಗಡಿ ಇಟ್ಟವರು. ಅವರ ಬಲಭುಜಕ್ಕೆ ಫ್ರೋಜನ್ ಶೋಲ್ಡರ್ ಆಗಿತ್ತು. ಕೀಲಿನ ಸುತ್ತಲಿನ ಪೊರೆ ಬಿಗಿದುಕೊಂಡು ಕೈ ಮೇಲೇಳದ ತೊಂದರೆ ಅದು. ಎಂಬತ್ತೈದು ಡಿಗ್ರಿಗೆ ಕೈ ನಿಲ್ಲುತ್ತಿತ್ತು. ಅದರಾಚೆ ನೋವಿಗಿಂತ ನೋವಿನ ಹೆದರಿಕೆಯೇ ಹೆಚ್ಚು. ಹೀಗೇ ಬಿಟ್ಟರೆ ಬಿಗಿತ ಉಳಿದುಬಿಡಬಹುದೆಂದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವರು ಎಡಗೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಬೆರಳುದ್ದದ ಎರಡು ಗೋಲ್ಡ್‌ಫಿಶ್.

"ಇನ್ನು ನಾನು ಬರುವುದಿಲ್ಲ ಡಾಕ್ಟ್ರೇ. ಈ ಕೈ ಇಷ್ಟೇ. ಇದು ನಿಮಗೆ."

"ಮೀನು ಎಂತಕ್ಕೆ?"

"ಮಗಳು ದುಬೈಗೆ ಹೋಗುವಾಗ ಬಿಟ್ಟು ಹೋದದ್ದು. ಮನೆಯಲ್ಲಿ ಬೆಕ್ಕು ಉಂಟು. ಪರೀಕ್ಷೆಗೆ ಓದುವ ಹಾಗೆ ಇದರ ಎದುರೇ ಕೂತಿದೆ. ನೀವು ಸಾರು ಮಾಡಬೇಡಿ ಮತ್ತೆ!"

ನಕ್ಕು ಹೊರಟೇಬಿಟ್ಟರು. ಕೈಯನ್ನು ಎದೆಗೆ ಒತ್ತಿಕೊಂಡೇ ಮೆಟ್ಟಿಲಿಳಿದರು.

ಮೀನನ್ನು ಉಪ್ಪಿನಕಾಯಿಯ ಖಾಲಿ ಭರಣಿಗೆ ಬಿಟ್ಟೆ. ಮರುದಿನ ಅವು ಮೇಲೆ ಬಂದು ಬಾಯಿ ತೆರೆದು ಗಾಳಿ ಹೀರುತ್ತಿದ್ದವು. ನೆಟ್‌ನಲ್ಲಿ ಟ್ಯಾಂಕ್ ಎಂದು ಹುಡುಕಿ ಬಂಟ್ವಾಳದ ಒಂದು ಅಂಗಡಿಗೆ ಫೋನ್ ಮಾಡಿದೆ.

"ಟ್ಯಾಂಕಿ ಉಂಟಾ? ಚಂದದ್ದು, ಸಣ್ಣದು."

"ಚಂದ ಬಿಡಿ, ಲೀಟರ್ ಹೇಳಿ. ಎಷ್ಟು ಜನ ಉಂಟು?"

"ಇಬ್ಬರು. ಬೆರಳುದ್ದ ಇದ್ದಾರೆ."

"ಯಾರು ಮಾರಾಯ್ರೆ ಬೆರಳುದ್ದ?"

"ಮೀನು."

"ಅಯ್ಯೋ, ನಮ್ಮದು ಮನೆ ಮೇಲೆ ಇಡುವ ನೀರಿನ ಟ್ಯಾಂಕಿ! ನಾನು ನಿಮ್ಮ ಸ್ನಾನದ ನೀರಿನ ಲೆಕ್ಕ ಹಾಕ್ತಾ ಇದ್ದೇನೆ!"

ಇಬ್ಬರೂ ನಕ್ಕೆವು. ಆದರೆ ಫೋನಿಟ್ಟ ಮೇಲೆ 'ಚಂದ ಬಿಡಿ, ಲೀಟರ್ ಹೇಳಿ' ಎಂಬ ಮಾತು ನನ್ನಲ್ಲೇ ಉಳಿಯಿತು. ನಾನು ಚಂದದ ಗಾಜನ್ನು ಹುಡುಕುತ್ತಿದ್ದೆ. ಮೀನಿಗೆ ಬೇಕಾದದ್ದು ನೀರು. ಗೋಲ್ಡ್‌ಫಿಶ್ ಬೆಳೆಯುವ ಮೀನು, ಹೊಲಸೂ ಹೆಚ್ಚು. ಸ್ವಲ್ಪವೇ ನೀರಿದ್ದರೆ ಅದರಿಂದ ಹುಟ್ಟುವ ಅಮೋನಿಯಾ ಬೇಗ ವಿಷವಾಗುತ್ತದೆ. ದುಂಡು ಬೌಲಿನ ಆಸೆ ಬಿಟ್ಟು, ಎರಡಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರದ ಗಾಜಿನ ಟ್ಯಾಂಕ್ ಮತ್ತು ಫಿಲ್ಟರ್ ಕೊಂಡೆ. ಸುಮಾರು ಎಪ್ಪತ್ತು ಲೀಟರ್ ಹಿಡಿಯುತ್ತದೆ. ಅಂದರೆ ನೀರೇ ಎಪ್ಪತ್ತು ಕಿಲೋ. ಅಷ್ಟು ಭಾರ ತಾಳುವುದು ಕ್ಲಿನಿಕ್‌ನಲ್ಲಿ ಒಂದೇ ಇತ್ತು, ಗೋಡೆಗೆ ಕಟ್ಟಿದ ಎದೆಮಟ್ಟದ ಕಡಪ ಕಲ್ಲು. ಅದರ ಮೇಲಿದ್ದ ಚಿಕಿತ್ಸೆಯ ಮೆಷಿನ್‌ಗಳನ್ನು ಕೆಳಗಿಳಿಸಿ ಟ್ಯಾಂಕನ್ನು ಅಲ್ಲಿಟ್ಟೆ. ಬಾವಿನೀರು ತುಂಬಿದೆ. ಫಿಲ್ಟರ್‌ನಲ್ಲಿ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಳು ಬೇಕು. ಅಲ್ಲಿಯ ತನಕ ದಿನವೂ ಸ್ವಲ್ಪ ನೀರು ಬದಲಿಸಿದೆ.

ಆಮೇಲೆ ಕ್ಲಿನಿಕ್‌ನ ಮಧ್ಯಾಹ್ನಗಳೇ ಬೇರೆಯಾದವು. ಕಿಟಕಿಯ ಬೆಳಕು ನೀರನ್ನು ಹಾದು ಛಾವಣಿಯ ಮೇಲೆ ತೂಗಾಡುತ್ತಿತ್ತು. ಮೀನುಗಳು ಎಲ್ಲಿಗೂ ಹೋಗಬೇಕಾಗಿಲ್ಲದವರಂತೆ ತೇಲುತ್ತಿದ್ದವು. ಮಲಗಿದ ರೋಗಿಗಳು ಮಾತು ಮರೆಯುತ್ತಿದ್ದರು. ನಾವೆಲ್ಲ ಯಾವುದೋ ನದಿಯ ತಳದಲ್ಲಿ ನಿಧಾನವಾಗಿ ಉಸಿರಾಡುತ್ತಿದ್ದೇವೆ ಎಂದು ನನಗೂ ಅನಿಸುತ್ತಿತ್ತು.

ಹಮೀದಿಚ್ಚನಿಗೆ ಫೋನ್ ಮಾಡಿದೆ. "ವ್ಯಾಯಾಮ ಬೇಡ. ನಿಮ್ಮ ಮೀನು ನೋಡಲಿಕ್ಕೆ ಬನ್ನಿ."

ಬಂದರು. ಬಹಳ ಹೊತ್ತು ನಿಂತು ನೋಡಿ, "ಇವು ಸುಧಾರಿಸಿದ್ದಾವೆ ಮಾರಾಯ್ತಿ" ಎಂದರು. ಮತ್ತೆ ಬಂದರು. ಮೀನು ನೋಡುತ್ತ ನಿಂತವರ ಕೈಗೆ ಸಣ್ಣಪುಟ್ಟ ವ್ಯಾಯಾಮಗಳನ್ನು ಶುರುಮಾಡಿದೆ. ಅವರು ಬೇಡವೆನ್ನಲಿಲ್ಲ. ಆಹಾರ ಹಾಕುವ ಕೆಲಸ ಅವರದೇ ಆಯಿತು. ಮೊದಲು ಎಡಗೈಯಲ್ಲಿ ಹಾಕುತ್ತಿದ್ದರು.

ಕೆಲವು ವಾರಗಳ ನಂತರ ಒಂದು ದಿನ, ದೊಡ್ಡ ಮೀನು ಸಣ್ಣದಕ್ಕೆ ಆಹಾರ ಬಿಡುತ್ತಿರಲಿಲ್ಲ. ಹಮೀದಿಚ್ಚ ಎಡಗೈಯಲ್ಲಿ ಡಬ್ಬಿ ಹಿಡಿದಿದ್ದರು. "ನಿನಗೆ ಎಷ್ಟು ಬೇಕು ಹೊಟ್ಟೆಬಾಕ? ಅದಕ್ಕೂ ಬಿಡು!" ಎಂದು ಬೈಯುತ್ತ ಇನ್ನೊಂದು ಮೂಲೆಗೆ ಆಹಾರ ಉದುರಿಸಿದರು, ಬಲಗೈಯಲ್ಲಿ. ಕೈ ಭುಜಕ್ಕಿಂತ ಮೇಲೇರಿ, ಟ್ಯಾಂಕಿನ ಅಂಚು ದಾಟಿ, ನೀರಿನ ಮೇಲೆ ನಿಂತಿತ್ತು. ಅವರಿಗದು ಗೊತ್ತೇ ಆಗಿರಲಿಲ್ಲ.

ಗೋನಿಯೋಮೀಟರ್ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಆ ದಿನದ ಕೋನ ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ.

ಈಗ ಹೊಸ ರೋಗಿ ಬಂದರೆ, ಕೈ ಎಲ್ಲಿಯವರೆಗೆ ಹೋಗುತ್ತದೆಂದು ಅಳೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ಕೈಯಲ್ಲಿ ನಿಮಗೆ ಏನನ್ನು ಮುಟ್ಟಬೇಕು?