ಹೊರೆ ಹೊರಿಸಿ ಬೋಲ್ಟ್ ಬಿಗಿಯುವ ವರ್ಲಿಂಡಾ

ಸೂರ್ಯ ಇನ್ನೂ ಬೆಟ್ಟ ಹತ್ತಿಲ್ಲ. ವರ್ಲಿಂಡಾ ಅಟ್ಟಕಾಯ್ ಅಂಗಳದ ಕೆಂಪು ಮಣ್ಣಿಗೆ ಹಳೆಯ ಕಾರ್ಪೆಟ್ ತುಂಡು ಹಾಸಿ, ಮೂವತ್ನಾಲ್ಕು ವರ್ಷದ ಜೀಪಿನಡಿ ಅಂಗಾತ ಮಲಗಿದ್ದಾರೆ. ಹನ್ನೊಂದಕ್ಕೆ ಅವರ ಚಿಕ್ಕವ್ವ ಲೊರೆಟಾ ವಾರಕ್ಕೆ ಮೂರು ಸಲದ ಡಯಾಲಿಸಿಸ್‌ಗೆ ಹೊರಡಬೇಕು. ಎಪ್ಪತ್ತು ಮೈಲಿ, ಅದರಲ್ಲಿ ಇಪ್ಪತ್ತಾರು ಮೈಲಿ ಅಲೆಅಲೆಯಾಗಿ ಎದ್ದುನಿಂತ ಮಣ್ಣುದಾರಿ. ಒಂದು ಸರದಿ ತಪ್ಪಿದರೆ ಚಿಕ್ಕವ್ವನ ಕಾಲು ಊದುತ್ತದೆ. ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ.

ಹರಿದಿರುವುದು ಬುಷ್. ಚಕ್ರವನ್ನು ಗಾಡಿಗೆ ಹಿಡಿದಿಡುವ ಉಕ್ಕಿನ ತೋಳಿನ ಕಣ್ಣಿನಲ್ಲಿ, ಅಂದರೆ ತುದಿಯ ತೂತಿನಲ್ಲಿ ಕೂತ, ಮುಷ್ಟಿಗಿಂತ ಚಿಕ್ಕ ರಬ್ಬರು. ದಾರಿಯ ಪೆಟ್ಟೆಲ್ಲ ಅದಕ್ಕೇ. ಅದು ಹೋದರೆ ಗಾಡಿ ತನಗೆ ಬೇಕಾದತ್ತ ಎಳೆಯುತ್ತದೆ. ದಾರಿ ಸಮ ಮಾಡಬೇಕಾದವರು ಎರಡು ವರ್ಷದಿಂದ ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೋ ನಾಡಿನ ಈ ಮೂಲೆಗೆ ತಲೆ ಹಾಕಿಲ್ಲ. ಕಚೇರಿಯ ಕುರ್ಚಿಗಳ ನಿದ್ದೆಯ ಭಾರವನ್ನು ಇಲ್ಲಿ ರಬ್ಬರು ಹೊರುತ್ತದೆ; ರಬ್ಬರು ಸೋತರೆ ವರ್ಲಿಂಡಾರ ಭುಜ.

ಪಟ್ಟಣದ ಗ್ಯಾರೇಜಿನವನು ಹಾಕಿಕೊಟ್ಟ ಬುಷ್ ಐದೇ ತಿಂಗಳಿಗೆ ಹರಿಯಿತು. ಕೇಳಲು ಹೋದರೆ, ಗಾಡಿಗೆ ವಯಸ್ಸಾಯಿತು, ಗುಜರಿಗೆ ಹಾಕಿ ಎಂದನಂತೆ. ವರ್ಲಿಂಡಾ ಜೀಪಿನಡಿಯಿಂದಲೇ ಹೇಳುತ್ತಾರೆ: "ಗಾಡಿ ಮೇಲೆತ್ತಿ, ಚಕ್ರ ನೇತಾಡ್ತಿರೋವಾಗ್ಲೇ ಬೋಲ್ಟ್ ಬಿಗಿದಿದ್ದ. ಕೆಳಗಿಳಿಸಿದ ತಕ್ಷಣ ರಬ್ಬರಿನ ಕತ್ತು ತಿರುಚಿದಂಗಾಯ್ತು. ಹರೀದೆ ಇನ್ನೇನ್ಮಾಡತ್ತೆ? ವಯಸ್ಸಾಗಿದ್ದು ಗಾಡಿಗಲ್ಲ, ಅವನ ಬುದ್ಧಿಗೆ."

ಐವತ್ತೆಂಟರ ಈಕೆ ಶಾಲಾ ಬಸ್ಸಿನ ಡಿಪೋದಲ್ಲಿ ಕಸ ಗುಡಿಸುತ್ತಿದ್ದರು. ಸ್ಪ್ಯಾನರ್ ಮುಟ್ಟಲು ಬಿಡದ ಜಾಗದಲ್ಲಿ ನೋಡಿ ನೋಡಿಯೇ ಕಲಿತರು. ಹದಿನೈದು ವರ್ಷದಲ್ಲಿ ನೆರೆಹೊರೆಯ ನಲವತ್ತಕ್ಕೂ ಹೆಚ್ಚು ಗಾಡಿಗಳು ಈ ಅಂಗಳದಲ್ಲಿ ಎದ್ದು ನಿಂತಿವೆ. ಬುಷ್ ಒತ್ತಿ ತೆಗೆಯುವ ಯಂತ್ರ ಇಲ್ಲಿಲ್ಲ. ರಬ್ಬರಿಗೆ ಬೆಂಕಿಯಿಟ್ಟು ತೆಗೆಯುವವರಿದ್ದಾರೆ; ಆ ಹೊಗೆ ಚಿಕ್ಕವ್ವನ ಕೋಣೆಗೆ ನುಗ್ಗುವುದನ್ನು ಇವರು ಒಪ್ಪುವುದಿಲ್ಲ. ರಬ್ಬರಿನ ಸುತ್ತ ತೂತು ಕೊರೆದು, ನಡುವಿನ ಕೊಳವೆ ಕಿತ್ತು, ಗರಗಸದ ಅಲಗನ್ನು ಕಣ್ಣಿನೊಳಗೆ ತೂರಿಸಿ ಹೊರಗಿನ ಉಕ್ಕಿನ ಬಳೆಯನ್ನು ಸೀಳುತ್ತಾರೆ. ಕೂದಲೆಳೆಯಷ್ಟು ಉಳಿದಾಗ ನಿಲ್ಲಿಸಿ, ಉಳಿಯಿಟ್ಟು ಒಂದೇ ಏಟು. ಒಂದು ಬುಷ್ ತೆಗೆಯಲು ಎರಡು ಗಂಟೆ.

ವರ್ಲಿಂಡಾರ ಅತ್ತೆಯ ಮಗ ಹೆರಾಲ್ಡ್ ನಕಾಯ್ ಕಾಫಿ ಹಿಡಿದು ಬೇಲಿಗೆ ಒರಗಿದ್ದಾನೆ. ಅತ್ತೆಮಕ್ಕಳು ಛೇಡಿಸದಿದ್ದರೆ ನಮ್ಮಲ್ಲಿ ಮುನಿಸಿಕೊಂಡರೆಂದೇ ಅರ್ಥ.

"ಏನೇ, ಬದುಕಿದ್ದೀಯೋ, ಜೀಪೇ ನುಂಗಿಬಿಡ್ತೋ?"

"ನಿನ್ ಹೆಂಡ್ತಿ ಇವತ್ತೂ ಹೊರಗ್ಹಾಕಿದ್ಳಾ? ಬಂದೋನು ನೀರಿನ ಪೀಪಾಯಿ ಹತ್ತಿಸು."

ಹೊಸ ಬುಷ್ ಕೂತಿದೆ, ಚಕ್ರ ನೆಲ ಮುಟ್ಟಿದೆ. ಬೋಲ್ಟ್ ಮಾತ್ರ ಇನ್ನೂ ಸಡಿಲ. ದಾರಿಯಲ್ಲಿ ಕುರಿದೊಡ್ಡಿಗೆ ಇಳಿಸಬೇಕಾದ ಎರಡು ತುಂಬಿದ ನೀರಿನ ಪೀಪಾಯಿ ಹಿಂದೆ ಏರುತ್ತವೆ. ಚಿಕ್ಕವ್ವ ಕೋಲೂರಿ ಬಂದು ಮುಂದೆ ಕೂರುತ್ತಾರೆ. ಆಮೇಲೆಯೇ ವರ್ಲಿಂಡಾ ಮತ್ತೆ ಕೆಳಗೆ ತೂರಿ ಬಿಗಿಯುತ್ತಾರೆ. "ನಮ್ ಗಾಡಿ ಖಾಲಿ ಓಡಿದ್ದು ಯಾವತ್ತು? ಹೊರೆ ಹೊತ್ತಾಗ ರಬ್ಬರು ಹೆಂಗೆ ಕೂರತ್ತೋ ಹಂಗೇ ಬಿಗೀಬೇಕು. ಇದನ್ನ ಪುಸ್ತಕ ಹೇಳಲ್ಲ, ಈ ದಾರಿ ಹೇಳತ್ತೆ."

ಹನ್ನೊಂದಕ್ಕೆ ಹತ್ತು ನಿಮಿಷವಿದೆ. ಎಂಜಿನ್ ಶುರುವಾಗಿದೆ. ನಿಮಗೇನು ಬೇಕು ಎಂದು ವರ್ಲಿಂಡಾರನ್ನು ಕೇಳುತ್ತೇನೆ.

"ದಾರಿ ಸರಿಮಾಡಿ ಅಂತ ಬೇಡ್ಕೊಳಲ್ಲ. ಅದು ಆ ಕಚೇರಿಯವರು ಕೊಡಲೇಬೇಕಾದ್ದು, ಬೇಡೋದ್ಯಾಕೆ? ಚಿಕ್ಕವ್ವನ ಒಂದೇ ಒಂದು ಸರದೀನೂ ತಪ್ಪಬಾರದು, ಅಷ್ಟೇ. ಇಲ್ಲಿ ಮನುಷ್ಯರಿದ್ದಾರೆ ಅಂತ ಅವರಿಗೆ ಕಾಣೋವರೆಗೂ ವಾರಕ್ಕೆ ಮೂರು ಸಲ ಧೂಳೆಬ್ಬಿಸ್ತೀನಿ."