ಎತ್ತರಿಸಿದ ಟ್ರಕ್ಕು, ಐವತ್ತರ ಮುಳ್ಳು

2022ರ ಏಪ್ರಿಲ್. ನಾನಾಗ ಹೊಸಕೋಟೆಯಲ್ಲಿ ವಾಹನ ವಿಮಾ ಸರ್ವೇಯರ್. ಅಪಘಾತವಾದ ಗಾಡಿಯನ್ನು ನೋಡಿ, ಏನಾಯಿತು, ಯಾಕಾಯಿತು ಎಂದು ವಿಮಾ ಕಂಪನಿಗೆ ವರದಿ ಬರೆಯುವುದು ನನ್ನ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಹೆಂಗಸೊಬ್ಬಳು ಟಾರ್ಚ್ ಹಿಡಿದು ಲಾರಿಯ ಅಡಿಗೆ ತೂರುವುದನ್ನು ನೋಡಲು ಜನ ಸೇರುತ್ತಿದ್ದ ಕಾಲ ಹೋಗಿ, ‘ಆ ಮೇಡಂ ಮುಂದೆ ಸುಳ್ಳು ನಡೆಯಲ್ಲ’ ಎನ್ನುವ ಕಾಲ ಬಂದಿತ್ತು. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು.

ಅನುಗೊಂಡನಹಳ್ಳಿ ಕಡೆಯ ಜಗದೀಶ್ ಎಂಬುವರು ಮದುವೆಗೆ ಮುಂಚಿನ ಫೋಟೊ ಶೂಟ್‌ಗಳಿಗೆ ಹಳೆಯ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರಲ್ಲಿ ಮಿಲಿಟರಿ ಹರಾಜಿನಲ್ಲಿ ಕೊಂಡ, ಅರವತ್ತರ ದಶಕದ ಒಂದು ಫೋರ್ ವೀಲ್ ಡ್ರೈವ್ ಟ್ರಕ್ ಇತ್ತು. ಬಾನೆಟ್ ಮೇಲೆ ಕೂತ ವಧೂವರರು ಆಕಾಶದಲ್ಲಿ ಕೂತಂತೆ ಕಾಣಬೇಕೆಂದು ಸ್ಪ್ರಿಂಗ್ ಬದಲಿಸಿ ಬಾಡಿಯನ್ನು ನಾಲ್ಕು ಇಂಚು ಎತ್ತಿಸಿದ್ದರು; ದೊಡ್ಡ ಟೈರುಗಳನ್ನೂ ಹಾಕಿಸಿದ್ದರು. ಗ್ಯಾರೇಜಿನವರು ಇದನ್ನು ಲಿಫ್ಟ್ ಮಾಡಿಸುವುದು ಎನ್ನುತ್ತಾರೆ. ಎತ್ತಿಸಿದ ಮೇಲೆ ಜಗದೀಶ್ ಅವರಿಗೇ ಸ್ವಲ್ಪ ಭಯವಾಗಿ, ‘ಐವತ್ತು ದಾಟಬೇಡ’ ಎಂದು ಡ್ರೈವರಿಗೆ ತಾಕೀತು ಮಾಡಿದ್ದರು.

ಡ್ರೈವರ್ ನೂರ್ ಅಹಮದ್, ಹೊಸಕೋಟೆ ಟೌನಿನವರು. ಮೂವತ್ತು ವರ್ಷ ಲಾರಿ ಓಡಿಸಿ ಒಂದು ಕೋಳಿಯನ್ನೂ ಹೊಡೆದವರಲ್ಲ. ಜೂನ್‌ನಿಂದ ಒಂದು ಶಾಲೆಯ ವ್ಯಾನ್ ಓಡಿಸುವ ಕೆಲಸ ಗೊತ್ತಾಗಿತ್ತು. ಅಷ್ಟರಲ್ಲಿ ಒಂದು ದಿನ, ಬೆಳಿಗ್ಗೆ ಒಂಬತ್ತಕ್ಕೆ, ಸಮೇತನಹಳ್ಳಿ ಹತ್ತಿರದ ತಿರುವಿನಲ್ಲಿ ಟ್ರಕ್ಕು ಮಗ್ಗುಲಿಗೆ ಮಲಗಿತು. ಒಳಗೆ ಅವರೊಬ್ಬರೇ ಇದ್ದರು. ಎಡಗೈ ಮಣಿಕಟ್ಟು ಮುರಿಯಿತು. ಅತಿವೇಗದ ಡ್ರೈವರ್ ಎಂದು ವರದಿಯಲ್ಲಿ ಬಂದರೆ ಮಕ್ಕಳನ್ನು ಒಪ್ಪಿಸುವುದಿಲ್ಲ ಎಂದು ಶಾಲೆಯವರು ಹೇಳಿ ಕಳಿಸಿದ್ದರು.

ನನ್ನ ಅನುಭವದಲ್ಲಿ ಅಪಘಾತವಾದ ಗಾಡಿಗಳೆಲ್ಲ ನಲವತ್ತರಲ್ಲೋ ಐವತ್ತರಲ್ಲೋ ಹೋಗುತ್ತಿರುತ್ತವೆ. ಎಂಬತ್ತರಲ್ಲಿದ್ದೆ ಎಂದವರನ್ನು ನಾನು ಕಂಡಿಲ್ಲ. ನೂರ್ ಕೂಡ ಐವತ್ತು ಎಂದರು. ಆದರೆ ತಿರುವಿಗೆ ಮುಂಚಿನ ಅಂಗಡಿಯೊಂದರ ಕ್ಯಾಮೆರಾದಲ್ಲಿ ಟ್ರಕ್ಕು ಹಾದುಹೋಗಿದ್ದು ಸಿಕ್ಕಿತ್ತು. ಎರಡು ವಿದ್ಯುತ್ ಕಂಬಗಳ ನಡುವೆ ಟೇಪ್ ಹಿಡಿದೆ, ಐವತ್ತು ಮೀಟರ್. ದಾಟಲು ಹಿಡಿದದ್ದು ಮೂರು ಸೆಕೆಂಡ್. ಅಂದರೆ ಗಂಟೆಗೆ ಅರವತ್ತು ಕಿಲೋಮೀಟರ್. ಎತ್ತರದ ಗಾಡಿ, ತಿರುವು, ಅರವತ್ತು, ಇನ್ನೇನು ಬೇಕು? ‘ಚಾಲಕನ ಹೇಳಿಕೆ ಸುಳ್ಳು’ ಎಂದು ಕರಡು ಬರೆದು, ವಿಡಿಯೋ ತೋರಿಸಿ ಸಹಿ ಹಾಕಿಸಿಕೊಳ್ಳಲು ಅವರ ಮನೆಗೆ ಹೋದೆ.

ನೂರ್ ವಿಡಿಯೋವನ್ನು ಎರಡು ಸಲ ನೋಡಿದರು. ಅವರ ಹೆಂಡತಿ ಶಂಷಾದ್ ಬಾಗಿಲಲ್ಲಿ ನಿಂತೇ ನೋಡಿದರು.

“ಸೈನ್ ಹಾಕಲ್ಲ ಮೇಡಂ. ಮೀಟರ್ ಮುಳ್ಳು ನೋಡ್ಕೊಂಡೇ ಓಡ್ಸಿದ್ದು. ಇಳಿಜಾರಲ್ಲಿ ಒಂದ್ಸಲ ಐವತ್ತೆರಡು ಆಯ್ತು, ಕಾಲು ತೆಗ್ದೆ. ತಿರುವಿಗೆ ಬಂದಾಗ ಐವತ್ತೇ ಇತ್ತು.”

“ಕ್ಯಾಮೆರಾಗೆ ನಿಮ್ಮ ಮೇಲೇನು ದ್ವೇಷ ನೂರ್ ಸಾಬ್?” ಎಂದೆ. ಆ ಕೊಂಕು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿಕೊಂಡರು.

ದಾರಿಯುದ್ದಕ್ಕೂ ಆ ಐವತ್ತೆರಡು ನನ್ನನ್ನು ಬಿಡಲಿಲ್ಲ. ಸುಳ್ಳು ಹೇಳುವವನು ತನಗೆ ತಾನೇ ಎರಡು ಕಿಲೋಮೀಟರ್ ಯಾಕೆ ಸೇರಿಸಿಕೊಳ್ಳುತ್ತಾನೆ? ಟ್ರಕ್ಕನ್ನು ಮತ್ತೆ ನೋಡೋಣವೆಂದು, ಅದನ್ನು ಇರಿಸಿದ್ದ ಗ್ಯಾರೇಜಿನ ಕಡೆ ತಿರುಗಿದೆ. ಅಲ್ಲಿ ಟ್ರಕ್ಕಿನ ಸ್ಟೆಪ್ನಿಯನ್ನು, ಅಂದರೆ ಹೆಚ್ಚುವರಿ ಚಕ್ರವನ್ನು, ಬಿಚ್ಚಿ ಮುಂದಿನ ಚಕ್ರಕ್ಕೆ ಒರಗಿಸಿದ್ದರು. ಜಗದೀಶ್ ನಾಲ್ಕು ಟೈರು ಬದಲಿಸಿ, ಸ್ಟೆಪ್ನಿಯನ್ನು ಹಳೆಯದೇ ಬಿಟ್ಟಿದ್ದರು. ಅಣ್ಣನ ಪಕ್ಕದಲ್ಲಿ ತಮ್ಮ ನಿಂತ ಹಾಗಿತ್ತು. ಚೀಲದಿಂದ ಟೇಪ್ ತೆಗೆದೆ. ಹಳೆಯ ಟೈರಿನ ಎತ್ತರ ಇಪ್ಪತ್ತೆಂಟು ಇಂಚು, ಹೊಸದು ಮೂವತ್ತಮೂರು.

ಇಂಥ ಹಳೆಯ ಗಾಡಿಯ ಸ್ಪೀಡೋಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಮುಳ್ಳಿಗೆ ಅದು ಗೊತ್ತಾಗುವುದಿಲ್ಲ. ಲೆಕ್ಕ ಹಾಕಿದೆ. ಮುಳ್ಳು ಐವತ್ತು ತೋರಿಸಿದಾಗ ನಿಜವಾದ ವೇಗ ಐವತ್ತೊಂಬತ್ತು.

ಕಾಗದದ ಲೆಕ್ಕ ಸಾಲದು. ನೆಗ್ಗಿದ ಬಾಡಿ ಬಿಟ್ಟರೆ ಟ್ರಕ್ಕು ಓಡುವ ಸ್ಥಿತಿಯಲ್ಲೇ ಇತ್ತು. ಮಾರನೆಯ ದಿನ ಖಾಲಿಯಿದ್ದ ನೇರ ರಸ್ತೆಯಲ್ಲಿ ಜಗದೀಶ್ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಸಮಯ ನೋಡಿದೆ. ಮುಳ್ಳು ಐವತ್ತರಲ್ಲಿ ನಿಂತಿತ್ತು. ನಿಜವಾಗಿ ಐವತ್ತಾಗಿದ್ದರೆ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಪ್ಪತ್ತೆರಡು ಸೆಕೆಂಡ್ ಹಿಡಿಯಬೇಕು. ಮೂರು ಸಲ ಓಡಿಸಿದೆವು. ಮೂರು ಸಲವೂ ಅರವತ್ತೊಂದು.

ಜಗದೀಶ್ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ಅನುಮತಿಯಿಲ್ಲದೆ ಗಾಡಿಯನ್ನು ಎತ್ತಿಸಿದ್ದು ವರದಿಗೆ ಬಂದರೆ ಕ್ಲೇಮ್ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

“ಡ್ರೈವರ್ ತಪ್ಪು ಅಂತ್ಲೇ ಇರ್ಲಿ ಬಿಡಿ ಮೇಡಂ. ಹೆಂಗೂ ಬರ್ದಾಗಿದೆಯಲ್ಲ. ನೂರ್‌ಗೆ ನಾನು ಬೇರೆ ಏನಾದ್ರೂ ಮಾಡ್ಕೊಡ್ತೀನಿ. ಪಾಲಿಸಿ ಮಾಡ್ದಾಗ ಗಾಡಿ ನೋಡಿ ಪಾಸ್ ಮಾಡಿದ್ದೂ ನೀವೇ ಅಲ್ವಾ?”

ಹೌದು, ನಾನೇ. ಮನೆಗೆ ಬಂದು ಹಿಂದಿನ ವರ್ಷದ ಕಡತ ತೆಗೆದೆ. ನಾನೇ ತೆಗೆದ ಫೋಟೊದಲ್ಲಿ ದೊಡ್ಡ ಟೈರು, ಚಿಕ್ಕ ಸ್ಟೆಪ್ನಿ ಎರಡೂ ಸ್ಪಷ್ಟವಾಗಿದ್ದವು. ಕೆಳಗೆ ನನ್ನ ಕೈಬರಹ: ‘ಟೈರುಗಳು ಹೊಸವು, ಸ್ಥಿತಿ ಉತ್ತಮ.’ ಗಾಡಿಯ ಚೆಂದಕ್ಕೆ ನಾನೂ ಮರುಳಾಗಿದ್ದೆ. ನಿಜ ಬರೆದರೆ ಕಂಪನಿಯ ಪಟ್ಟಿಯಿಂದ ನನ್ನ ಹೆಸರು ಹೋಗುವ ಸಂಭವವಿತ್ತು. ಹೆದರಿಕೆಯಾಯಿತು.

ಎರಡು ದಿನ ಒದ್ದಾಡಿ ಹೊಸ ವರದಿ ಬರೆದೆ. ಸ್ಪ್ರಿಂಗಿನಿಂದ ನಾಲ್ಕು ಇಂಚು, ಟೈರಿನಿಂದ ಎರಡೂವರೆ. ಒಟ್ಟು ಆರೂವರೆ ಇಂಚು ಎದ್ದು ನಿಂತ ಗಾಡಿಯ ಭಾರವೆಲ್ಲ ಮೇಲಕ್ಕೆ ಸರಿದಿದೆ, ಅದಕ್ಕೆ ಹಳೆಯ ವೇಗ ಹೊಂದುವುದಿಲ್ಲ. ಮೊದಲಿನ ಸ್ಥಿತಿಗೆ ಇಳಿಸಬೇಕು. ಅಲ್ಲಿಯವರೆಗೆ ಗ್ಯಾರೇಜಿಗೆ ಹೋಗಿಬರಲು ನೇರ ರಸ್ತೆಯಲ್ಲಿ ಐವತ್ತು, ಅಂದರೆ ಮುಳ್ಳಿನಲ್ಲಿ ನಲವತ್ತೆರಡು. ಅಪಘಾತವಾದಂಥ ತಿರುವಿನಲ್ಲಿ ಮೂವತ್ತು, ಅಂದರೆ ಮುಳ್ಳಿನಲ್ಲಿ ಇಪ್ಪತ್ತೈದು. ಪಾಲಿಸಿಯ ತಪಾಸಣೆಯಲ್ಲಿ ಟೈರಿನ ಅಳತೆ ತೆಗೆಯದೇ ಬಿಟ್ಟದ್ದು ನನ್ನ ಲೋಪ ಎಂದೂ ಸೇರಿಸಿದೆ. ಕಂಪನಿ ಆರು ತಿಂಗಳು ನನಗೆ ಕೆಲಸ ಕೊಡಲಿಲ್ಲ. ಜಗದೀಶ್ ಇಂದಿಗೂ ಎದುರಾದರೆ ಮುಖ ತಿರುಗಿಸುತ್ತಾರೆ.

ವರದಿ ಕಳಿಸಿದ ದಿನವೇ ಅದನ್ನು ಹಿಡಿದು ನೂರ್ ಮನೆಗೆ ಹೋದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನಾನೇ ಓದಿದೆ. ‘ಚಾಲಕರು ಹೇಳಿದ ಐವತ್ತು, ಅವರು ಮೀಟರಿನಲ್ಲಿ ಕಂಡ ಐವತ್ತೇ. ಅವರ ಹೇಳಿಕೆ ನಿಜ.’ ನನ್ನ ತಪ್ಪಿನ ಸಾಲನ್ನೂ ಓದಿ ಕ್ಷಮೆ ಕೇಳಿದೆ.

“ಇನ್ನೊಂದ್ಸಲ ಓದಿ ಮೇಡಂ, ಇವಳೂ ಕೇಳ್ಲಿ,” ಎಂದು ಹೆಂಡತಿಯನ್ನು ಕರೆದರು. ಓದಿದೆ. ಶಂಷಾದ್ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಆ ವಿಡಿಯೋ ನೋಡಿದ್ಮೇಲೆ ನಾನೂ ಇವ್ರನ್ನ ನಂಬ್ಲಿಲ್ಲ,” ಎಂದರು.

ಜೂನ್‌ನಲ್ಲಿ ಶಾಲೆಯ ವ್ಯಾನ್ ನೂರ್ ಕೈಗೆ ಬಂತು. ಎದುರಿನವರ ಮಾತು ನನ್ನ ಅಳತೆಗೆ ಹೊಂದದಿದ್ದಾಗ, ಅವರು ನಿಂತ ಜಾಗದಲ್ಲಿ ನಿಂತು ಅವರು ಕಂಡದ್ದನ್ನು ನೋಡದೆ ಒಂದಕ್ಷರವೂ ಬರೆಯಬಾರದೆಂದು ಆ ಟ್ರಕ್ಕು ನನಗೆ ಕಲಿಸಿತು. ಬರೆದರೆ ಏನಾಗುತ್ತದೆಂದು ತಿಳಿದದ್ದು ಮಾತ್ರ, ವರದಿ ಓದಿದ ದಿನ ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ನೂರ್ ಅವರಿಂದ.

“ನೀವು ಅರವತ್ತು ಅಂದ್ಮೇಲೆ ನಂಗೇ ಅನುಮಾನ ಬಂದ್ಬಿಡ್ತು ಮೇಡಂ,” ಎಂದರು ಮೆಲ್ಲಗೆ. “ಮೊನ್ನೆ ಹೋಗಿ ಕಣ್ಣು ಟೆಸ್ಟ್ ಮಾಡಿಸ್ಕೊಂಡ್ ಬಂದೆ.”