ವೀಳ್ಯ ಬೇಡವೆಂದ ಬೀಗ

ಎಲೆ ಅಡಿಕೆ ಹಾಕದೆಯೇ ಕೆಂಪಗೆ ಉಗುಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಚನ್ನಗಿರಿಗೆ ಬಂದು ನನ್ನನ್ನು ನೋಡಿ.

ಕಳೆದ ತಿಂಗಳು ಜ್ವರ ಬಂದು ಮೂರು ದಿನ ಬರೀ ಗಂಜಿ ಕುಡಿದೆ. ಎಲೆ ಸಂಚಿ ಮುಟ್ಟಲಿಲ್ಲ. ನಾಲ್ಕನೇ ದಿನ ಬಾಯಿ ಮುಕ್ಕಳಿಸಿದರೆ ನೀರೆಲ್ಲ ಕೆಂಪು! ವಸಡಿನ ರಕ್ತ. ಎಷ್ಟು ವರ್ಷದಿಂದ ಸೋರುತ್ತಿತ್ತೋ, ಅಡಿಕೆಯ ಕೆಂಪಿನಲ್ಲಿ ಯಾರಿಗೆ ತಿಳಿಯಬೇಕು?

ಈ ಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಉಂಟು, ಸಲಹೆಗೆ ಇಲ್ಲ. ಹೆಂಡತಿ ಉಪ್ಪು, ಇದ್ದಿಲು ಅಂದಳು. ಪಕ್ಕದ ಮನೆಯವರು ಹೊಗೆಸೊಪ್ಪಿನ ಪುಡಿ ತಿಕ್ಕಲು ಹೇಳಿದರು (ಅವರ ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು). ಹೊನ್ನಾಳಿ ಸಂತೆಯಲ್ಲಿ ಹಲ್ಲು ಕೀಳುವವನು, "ಹಲ್ಲೇ ಇಲ್ದಿದ್ರೆ ರೋಗ ಎಲ್ಲಿ ಕೂತ್ಕಂತೈತೆ ಸ್ವಾಮಿ?" ಎಂದ. ಲಾಜಿಕ್ ಚೆನ್ನಾಗಿತ್ತು. ನಾನು ಓಡಿಬಂದೆ.

ಕೊನೆಗೆ ನಮ್ಮೂರ ಡಾಕ್ಟರ ಬಳಿ ಹೋದೆ. ಬಾಯಿ ನೋಡಿ "ಪಯೋರಿಯಾ" ಎಂದರು. ಇಂಗ್ಲಿಷ್ ಹೆಸರು ಸಿಕ್ಕ ಮೇಲೆ ರೋಗಕ್ಕೂ ಒಂದು ಗೌರವ ಬಂತು. ಹಲ್ಲಿಗೆ ಅಂಟಿದ ಕಿಟ್ಟ ಕೆರೆದು ತೆಗೆಯಬೇಕು, ವಸಡಿಗೆ ಔಷಧ ಹಚ್ಚಬೇಕು, ದಿನಾ ಬಿಸಿ ಉಪ್ಪುನೀರು ಮುಕ್ಕಳಿಸಬೇಕು.

"ಇದೆಲ್ಲ ಎಲೆ ಅಡಿಕೆ ಬಿಟ್ಟರೆ ಮಾತ್ರ. ಬಿಡದಿದ್ದರೆ ಉಳಿಯೋದು ಇದೊಂದೇ" ಎಂದು ಇಕ್ಕಳ ತೋರಿಸಿದರು.

ಅಡಿಕೆ ಮಂಡಿಯ ಗುಮಾಸ್ತನಿಗೆ ಹೇಳುವ ಮಾತೇ ಇದು? ಆದರೂ ಕಿಟ್ಟ ಕೆರೆಸಿಕೊಂಡೆ. ಎಲೆ ಅಡಿಕೆಯನ್ನೂ ಬಿಟ್ಟೆ.

ಬಿಟ್ಟ ಎಂಟನೇ ದಿನ, ಹಿರಿಮಗಳು ಗಿರಿಜೆಯ ಸಂಬಂಧ ಗೊತ್ತುಮಾಡಲು ಹೆಂಡತಿಯೊಂದಿಗೆ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲೇ ಓಡುವ ಬಸ್ಸಿನಲ್ಲಿ ನ್ಯಾಮತಿಗೆ ಹೋದೆ. ಎರಡು ವರ್ಷ ಹುಡುಕಿ ಸಿಕ್ಕ ಒಳ್ಳೆಯ ಮನೆ. ಮಾತೆಲ್ಲ ಮುಗಿಯಿತು. ಹುಡುಗನ ತಂದೆ ವೀಳ್ಯದ ತಟ್ಟೆ ಮುಂದೆ ಹಿಡಿದರು. ಡಾಕ್ಟರ ಶಿಷ್ಯನಾದ ನಾನು ಕೈ ಅಡ್ಡ ಹಿಡಿದೆ.

ಪಡಸಾಲೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮಲ್ಲಿ ಮಾತು ಮುಗಿದ ಮೇಲೆ ವೀಳ್ಯ ಮುಟ್ಟದಿದ್ದರೆ ಸಂಬಂಧ ಬೇಡವೆಂದೇ ಅರ್ಥ. ವಸಡಿನ ಚಿಂತೆಯಲ್ಲಿ ನನಗೆ ಅದೇ ಮರೆತುಹೋಗಿತ್ತು!

"ಯಾಕ್ರೀ, ನಮ್ಮ ಮನೆತನದಾಗೆ ಏನು ಕೊರತೆ ಐತೆ?" ಹುಡುಗನ ತಂದೆಯ ದನಿ ಗಡುಸಾಯಿತು.

"ಕೊರತೆ ನನ್ನ ಬಾಯಾಗೆ ಐತ್ರೀ. ವಸಡಾಗೆ ರಕ್ತ ಬರ್ತೈತೆ."

"ರಕ್ತಾನಾ? ಅದು ಎಲ್ರಿಗೂ ಬರ್ತೈತಲ್ರೀ!" ಅವರು ಬಾಯಿ ತೆರೆದು, ಅಲ್ಲಾಡುವ ಎರಡು ಹಲ್ಲುಗಳನ್ನು ಬೆರಳಿನಿಂದ ಆಡಿಸಿ ತೋರಿಸಿದರು. "ಅದಕ್ಕೆಲ್ಲ ಯಾರಾದ್ರೂ ವೀಳ್ಯ ಬಿಡಾಕೆ ಆಗ್ತೈತಾ? ಹಾಕ್ಕಳ್ರೀ."

ನನ್ನ ಹೆಂಡತಿ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ನಿಜಕ್ಕೂ ಹೆದರಿದೆ. ಗಿರಿಜೆಯ ಮುಖ ನೆನಪಾಯಿತು. ಹಾಕಿಕೊಂಡೆ. (ಬಹಳ ರುಚಿಯಾಗಿತ್ತು. ಡಾಕ್ಟರಿಗೆ ಹೇಳಬೇಡಿ.)

ಮಾರನೇ ದಿನವೇ ಡಾಕ್ಟರು ನನ್ನ ಬಾಯಿ ನೋಡಿ ಹುಬ್ಬು ಗಂಟಿಕ್ಕಿದರು. "ಹಾಕಿದ್ರಾ?"

"ಒಂದೇ ಒಂದು ಸ್ವಾಮಿ. ಮಗಳ ಸಂಬಂಧ ಕೂಡಿಸಾಕೆ."

"ಮದುವೆಗೆ ಇನ್ನೆಷ್ಟು ಹೆಣ್ಣುಮಕ್ಕಳಿದ್ದಾರೆ?"

"ನಾಲ್ಕು ಜನ ಅದಾರ್ರೀ."

ಡಾಕ್ಟರು ಇಕ್ಕಳ ಕೈಗೆತ್ತಿಕೊಂಡರು.